ಗೋವಾದ ಸಾಂಜಾಂವ್ ಮತ್ತು ಜೂನ್ ತಿಂಗಳ ಸಂತರ ಹಬ್ಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರವಾರದ ಕಡೆಯವನು. ಕೆಲಸದ ಸಲುವಾಗಿ ಕೆಲವು ವರ್ಷ ಗೋವಾದ ಮಾಪ್ಸಾದಲ್ಲಿದ್ದೆ. ಪ್ರತಿ ಜೂನ್ ಬಂದರೆ ಸಾಕು, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಗೆಳೆಯರು ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಬಾವಿಗೆ ಹಾರುವ ಹಬ್ಬ ಯಾವಾಗ? ನಾವೂ ಬರಬಹುದಾ? ತಲೆಗೆ ಹೂವು ಯಾಕೆ? ಅವರಿಗೆ ಹೇಳಿದ ಉತ್ತರಗಳನ್ನೆಲ್ಲ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಸಾಂಜಾಂವ್ ಅಂದರೆ ಏನು? ಯಾವತ್ತು?

ಪ್ರತಿ ವರ್ಷ ಜೂನ್ 24. ಕ್ಯಾಲೆಂಡರ್ ಹಬ್ಬ, ತಿಥಿ ನೋಡಬೇಕಿಲ್ಲ. ಯೇಸುವಿಗೆ ಜೋರ್ಡನ್ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರ ಹುಟ್ಟುಹಬ್ಬ ಅದು. ನಮ್ಮ ಕನ್ನಡ ಕಥೋಲಿಕರ ಹಳೇ ಮಾತಿನಲ್ಲಿ ಅವರು ಅರುಳಪ್ಪ. ಪೋರ್ಚುಗೀಸರು ಸಾವ್ ಜುವಾವ್ ಅಂದರು, ಕೊಂಕಣಿಯವರ ಬಾಯಲ್ಲಿ ಅದು ಸಾಂಜಾಂವ್ ಆಯಿತು.

ಇದನ್ನು ನಡುಬೇಸಿಗೆಯ ಹಬ್ಬ ಅಂತಾರೆ. ಜೂನ್ ಅಂದ್ರೆ ಮಳೆಗಾಲ ಅಲ್ವಾ?

ಹೌದು, ನಮಗೆ ಮಳೆಗಾಲವೇ. ಆ ಹೆಸರು ಯುರೋಪಿನದು. ಅಲ್ಲಿ ಜೂನ್ 21ರ ಆಸುಪಾಸಿನಲ್ಲಿ ವರ್ಷದ ಅತಿ ಉದ್ದದ ಹಗಲು ಬರುತ್ತದೆ. ಹಳೆಯ ರೋಮನ್ ಪಂಚಾಂಗದಲ್ಲಿ ಆ ದಿನವನ್ನು ಜೂನ್ 24ರ ಲೆಕ್ಕಕ್ಕೆ ಹಿಡಿದಿದ್ದರು. ಕ್ರಿಸ್ಮಸ್‌ಗೆ ಸರಿಯಾಗಿ ಆರು ತಿಂಗಳ ಹಿಂದೆ ಯೊವಾನ್ನರ ಹುಟ್ಟುಹಬ್ಬ ಇಟ್ಟಿದ್ದರಿಂದ ಎರಡೂ ಒಂದೇ ಕಡೆ ಸೇರಿದವು. ಆರು ತಿಂಗಳ ಲೆಕ್ಕ ಬೈಬಲ್‌ನ ಲೂಕನ ಶುಭಸಂದೇಶದಿಂದ ಬಂದದ್ದು. ಗಬ್ರಿಯೇಲ ದೂತ ಯೇಸುವಿನ ತಾಯಿ ಮರಿಯಮ್ಮನ ಬಳಿ ಬಂದಾಗ ಯೊವಾನ್ನರ ತಾಯಿ ಎಲಿಸಬೇತಮ್ಮನಿಗೆ ಆಗಲೇ ಆರು ತಿಂಗಳಾಗಿತ್ತು ಅಂತ ಅಲ್ಲಿದೆ.

"ಅವರು ಹೆಚ್ಚಬೇಕು, ನಾನು ಕಡಿಮೆಯಾಗಬೇಕು" ಅಂತ ಯೊವಾನ್ನರು ಯೇಸುವಿನ ಬಗ್ಗೆ ಹೇಳಿದ ಮಾತೊಂದಿದೆ. ಜೂನ್ ಕೊನೆಯಿಂದ ಹಗಲು ಕುಗ್ಗುತ್ತಾ ಹೋಗುತ್ತದೆ, ಕ್ರಿಸ್ಮಸ್‌ನಿಂದ ಬೆಳೆಯುತ್ತದೆ. ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಈ ಮಾತನ್ನೂ ಹಗಲಿನ ಅಳತೆಯನ್ನೂ ಸೇರಿಸಿ ಪ್ರವಚನ ಮಾಡಿದ್ದರು.

ಯುರೋಪಿನಲ್ಲಿ ಇದು ಬಿಸಿಲಿನ ಹಬ್ಬ, ಹಾಗಾಗಿ ಬೆಂಕಿಯ ಹಬ್ಬ. ಸ್ಪೇನ್‌ನಿಂದ ಎಸ್ಟೋನಿಯಾವರೆಗೆ ಆ ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ, ಅದರ ಮೇಲಿಂದ ಹಾರುತ್ತಾರೆ. ಗೋವಾಕ್ಕೆ ಬಂದಾಗ ಸಂತರು ಅವರೇ, ದಿನ ಅದೇ. ಆದರೆ ಇಲ್ಲಿ ಜೂನ್ ಮೊದಲ ವಾರಕ್ಕೇ ಮಳೆ ಹಿಡಿದಿರುತ್ತದೆ. ಒಲೆಗಿಟ್ಟ ಸೌದೆಯೇ ಹೊಗೆ ಕಾರುವ ಹೊತ್ತು ಅದು. ಇನ್ನು ಅಂಗಳದಲ್ಲಿ ಬೆಂಕಿ ಎಲ್ಲಿಂದ ಹತ್ತಬೇಕು? ಅದೇ ಹೊತ್ತಿಗೆ ಬಾವಿ, ಕೆರೆ, ಹಳ್ಳ ತುಂಬಿಕೊಳ್ಳುತ್ತಿರುತ್ತವೆ. ಬೆಂಕಿ ಹಾರುವ ಹಬ್ಬ ಇಲ್ಲಿ ನೀರಿಗೆ ಹಾರುವ ಹಬ್ಬವಾಯಿತು ಅಂತ ನನ್ನ ಅನಿಸಿಕೆ. ಊರಿನ ಮಳೆ ಹಬ್ಬವನ್ನು ತನ್ನದಾಗಿ ಮಾಡಿಕೊಂಡಿತು. ಈ ಹಬ್ಬ ನನಗೆ ಇಷ್ಟವಾಗುವುದೇ ಇದಕ್ಕಾಗಿ.

ಬಾವಿಗೆ ಹಾರುವುದಕ್ಕೆ ಧಾರ್ಮಿಕ ಅರ್ಥ ಏನಾದರೂ ಇದೆಯಾ? ಸುಮ್ನೆ ಮಜಾನಾ?

ಅರ್ಥ ಇದೆ, ಮಜಾನೂ ಇದೆ. ಬಸುರಿ ಎಲಿಸಬೇತಮ್ಮನನ್ನು ನೋಡಲು ಮರಿಯಮ್ಮ ಬಂದಳು. ಅವಳ ದನಿ ಕೇಳಿದ್ದೇ ಎಲಿಸಬೇತಮ್ಮನ ಹೊಟ್ಟೆಯೊಳಗಿನ ಕೂಸು ಸಂತೋಷದಿಂದ ಕುಣಿಯಿತು. ಆ ಕೂಸೇ ಯೊವಾನ್ನರು. ಬಾವಿಗೆ ಹಾರುವುದು ಆ ಕುಣಿತದ ನೆನಪು. ನೀರು ಜೋರ್ಡನ್ ನದಿಯ ನೆನಪು.

ಹಾರುವವರು ಬಾವಿಕಟ್ಟೆ ಮೇಲೆ ನಿಂತು "ವಿವಾ ಸಾಂಜಾಂವ್!" ಅಂತ ಕೂಗುತ್ತಾರೆ. ಸಂತರಿಗೆ ಜಯವಾಗಲಿ ಅಂತ. ಸುತ್ತ ನಿಂತವರೂ ದನಿ ಕೂಡಿಸುತ್ತಾರೆ. ಮನೆಯವರು ಕೆಲವೊಮ್ಮೆ ಹಣ್ಣು, ಫೆನಿ ಬಾಟಲಿ ನೀರಿಗೆ ಹಾಕುತ್ತಾರೆ. ಮುಳುಗಿ ತಂದವರಿಗೆ ಅದು.

ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಅಲ್ವಾ? ಇಲ್ಲಿ ಹುಟ್ಟಿದ ದಿನ ಯಾಕೆ?

ಒಳ್ಳೆ ಪ್ರಶ್ನೆ. ಕಥೋಲಿಕ ಪಂಚಾಂಗದಲ್ಲಿ ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಯೇಸು, ಮರಿಯಮ್ಮ, ಸ್ನಾನಿಕ ಯೊವಾನ್ನರು. ತಾಯಿಯ ಹೊಟ್ಟೆಯಲ್ಲೇ ಪವಿತ್ರರಾದವರು ಅನ್ನುವ ನಂಬಿಕೆ ಅದಕ್ಕೆ ಕಾರಣ. ಯೊವಾನ್ನರ ಸಾವಿನ ದಿನವೂ ಇದೆ, ಆಗಸ್ಟ್ 29. ಅದಕ್ಕೆ ಇಂಥ ಸಡಗರ ಇಲ್ಲ.

ಸಂಗೀತ ಕಲಿಯುವವರಿಗೆ ಒಂದು ಮಾತು. ಪಾಶ್ಚಾತ್ಯ ಸಂಗೀತದ ರೇ, ಮಿ, ಫಾ, ಸೋಲ್, ಲಾ ಇವೆಯಲ್ಲ, ಅವು ಈ ಹಬ್ಬದ ದಿನ ಹಾಡುವ ಹಳೆಯ ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳು. 11ನೇ ಶತಮಾನದಲ್ಲಿ ಅರೆಟ್ಸೊದ ಗ್ವೀಡೊ ಅನ್ನುವ ಸನ್ಯಾಸಿ ಮಕ್ಕಳಿಗೆ ಹಾಡು ಕಲಿಸಲು ಅವನ್ನು ಬಳಸಿದರು.

ತಲೆ ಮೇಲಿನ ಹೂವಿನ ಕಿರೀಟಕ್ಕೆ ಏನಂತಾರೆ? ಎಲ್ಲಿ ಸಿಗುತ್ತೆ?

ಅದು ಕೊಪೆಲ್. ಹೂವು, ಎಲೆ, ಬಳ್ಳಿ, ಒಮ್ಮೊಮ್ಮೆ ಸಣ್ಣ ಹಣ್ಣುಗಳನ್ನೂ ಸೇರಿಸಿ ಕಟ್ಟುವ ಕಿರೀಟ. ಈಗ ಮಾಪ್ಸಾ ಮಾರ್ಕೆಟ್‌ನಲ್ಲೂ ರಸ್ತೆ ಬದಿಯಲ್ಲೂ ಮಾರುತ್ತಾರೆ. ಆದರೆ ಮನೆಯಲ್ಲಿ ಕಟ್ಟಿದ್ದನ್ನು ನೋಡಬೇಕು.

ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಹಬ್ಬದ ಬೆಳಿಗ್ಗೆ ಆರಕ್ಕೆಲ್ಲ ಜಗಲಿಯ ಮೇಲೆ ಕಾಲು ಚಾಚಿ ಕೂತುಬಿಡುತ್ತಿದ್ದರು. ಮೊಮ್ಮಕ್ಕಳು ಬೇಲಿಯಿಂದ ಬಳ್ಳಿ ಕಿತ್ತು ತರೋದು, ಅಜ್ಜಿ ಅದನ್ನು ಮೊಣಕಾಲಿಗೆ ಸುತ್ತಿ ಅಳತೆ ನೋಡೋದು. ತಲೆಯ ಅಳತೆಗೆ ಮೊಣಕಾಲು ಸರಿ ಅಂತ ಅವರ ಲೆಕ್ಕ. ಮೊದಲು ಎರಡು ಸುತ್ತು ಬಳ್ಳಿ. ಅದರ ಸಂದಿಗೆ ಹಲಸಿನ ಎಲೆ, ತೊಟ್ಟು ಒಳಗೆ ತುದಿ ಹೊರಗೆ. ಮೇಲೆ ದಾಸವಾಳ, ಚೆಂಡು ಹೂವು, ಅಬ್ಬಲಿಗೆ. ಸೂಜಿ ಇಲ್ಲ, ತಂತಿ ಇಲ್ಲ. ಬಾಳೆಪಟ್ಟೆಯನ್ನು ನೀರಲ್ಲಿ ನೆನೆಸಿ ಸೀಳಿದ ನಾರು ಅಷ್ಟೆ. "ತಂತಿ ಹಾಕಿದರೆ ಹಾರುವಾಗ ಹಣೆ ಸೀಳುತ್ತದೆ, ಪುತಾ" ಅಂತ ನನಗೆ ಹೇಳಿದ್ದರು. ನೆನೆದ ಎಲೆಯ ವಾಸನೆ ಇಡೀ ಜಗಲಿ ತುಂಬಿರುತ್ತಿತ್ತು. ಮಧ್ಯಾಹ್ನ ಹುಡುಗರು ನೀರಿಗೆ ಬಿದ್ದಾಗ ಹೂವೆಲ್ಲ ಬಿಚ್ಚಿ ಬಾವಿ ತುಂಬಾ ತೇಲುತ್ತಿತ್ತು.

ಆದ್ದರಿಂದ ಕೊಳ್ಳುವಾಗ ಪ್ಲಾಸ್ಟಿಕ್ ಹೂವಿನದ್ದು ಬೇಡ. ಅದು ಮಾರನೇ ದಿನ ಯಾರದೋ ಕುಡಿಯುವ ಬಾವಿಯ ತಳದಲ್ಲಿ ಕೂತಿರುತ್ತದೆ.

ಹೊಸ ಅಳಿಯನಿಗೂ ಈ ಹಬ್ಬಕ್ಕೂ ಏನು ಸಂಬಂಧ?

ಇದನ್ನು ಪ್ರವಾಸದ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ನನ್ನ ಕೇಳಿದರೆ ಹಬ್ಬದ ಹೂರಣವೇ ಇದು. ಕೊಂಕಣಿಯಲ್ಲಿ ಅಳಿಯನಿಗೆ ಜಾಂವಯ್ ಅಂತಾರೆ. ಸಾಂಜಾಂವ್‌ಗೆ ಅಳಿಯಂದಿರ ಹಬ್ಬ ಅಂತಲೇ ಇನ್ನೊಂದು ಹೆಸರಿದೆ. ಆ ವರ್ಷ ಮದುವೆಯಾದ ಹುಡುಗ ಹೆಂಡತಿಯ ತವರಿಗೆ ಬರುತ್ತಾನೆ. ಅತ್ತೆ ಅವನ ತಲೆಗೆ ಕೊಪೆಲ್ ಇಡುತ್ತಾಳೆ. ಹಲಸು, ಮಾವು, ಅನಾನಸ್, ಬಾಳೆ ತುಂಬಿದ ಬುಟ್ಟಿ ಕೊಡುತ್ತಾಳೆ. ವಾಡೊದ ಹುಡುಗರು, ಅಂದರೆ ಆ ಕೇರಿಯವರು, ಬಂದು ಅವನನ್ನು ಕರೆದುಕೊಂಡು ಹೋಗಿ ಬಾವಿಗೆ ಹಾರಿಸುತ್ತಾರೆ. ನೀರಿನಿಂದ ಮೇಲೆ ಬಂದ ಮೇಲೆ ಅವನು ಆ ಊರಿನವನಾದ ಹಾಗೆ. ಆ ವರ್ಷ ಮಗು ಹುಟ್ಟಿದ ಮನೆಗೂ ಹೀಗೇ ಗುಂಪು ಬರುತ್ತದೆ. ಮನೆಯವರು ಹಣ್ಣು, ಸಿಹಿ, ಪಾನೀಯ ಹಂಚುತ್ತಾರೆ.

ನಮ್ಮಲ್ಲಿ ಮೊದಲ ದೀಪಾವಳಿಗೆ ಹೊಸ ಅಳಿಯನನ್ನು ಕರೆಸಿ ಎಣ್ಣೆ ಹಚ್ಚಿ ನೀರು ಹಾಕಿ ಬಟ್ಟೆ ಕೊಡುತ್ತೇವಲ್ಲ, ಅದೇ ಭಾವ. ಆದರೆ ಕಾಲ ನೋಡಿ. ಹಳೆ ಮೈಸೂರು ಕಡೆ ಹೆಚ್ಚುಕಡಿಮೆ ಇದೇ ಹೊತ್ತಿಗೆ ಆಷಾಢ ಬರುತ್ತದೆ. ಹೊಸ ಸೊಸೆ ತವರಿಗೆ ಹೋಗುತ್ತಾಳೆ, ಅಳಿಯ ಅತ್ತೆ ಮನೆ ಹೊಸ್ತಿಲು ತುಳಿಯುವ ಹಾಗಿಲ್ಲ. ಘಟ್ಟದ ಮೇಲೆ ಅಳಿಯನಿಗೆ ಬಾಗಿಲು ಹಾಕುವ ಮಳೆಗಾಲದಲ್ಲೇ ಘಟ್ಟದ ಕೆಳಗಿನ ಗೋವಾ ಅವನಿಗೆ ಹೂವಿನ ಕಿರೀಟ ಇಡುತ್ತದೆ. ಎರಡೂ ಕಡೆ ನೆಂಟರಿರುವ ನನಗೆ ಇದು ಬಲು ಸೋಜಿಗ.

ಮೆರವಣಿಗೆಯಲ್ಲಿ ಬಾರಿಸುವ ಮಡಕೆಯಂಥ ವಾದ್ಯ ಯಾವುದು?

ಘುಮಟ್. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದೇ ಇರುತ್ತದೆ. ಒಂದು ಕೈಯಲ್ಲಿ ಚರ್ಮ ಬಡಿಯುತ್ತಾ ಇನ್ನೊಂದು ಕೈಯಲ್ಲಿ ಆ ಸಣ್ಣ ಬಾಯಿ ಮುಚ್ಚಿ ತೆರೆದು ದನಿ ಏರಿಳಿಸುತ್ತಾರೆ. ಉತ್ತರ ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಹಾಲಕ್ಕಿ ಒಕ್ಕಲಿಗರ ಗುಮಟೆ ಇದೇ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಈಗ ಕಾಯ್ದೆಯಡಿ ರಕ್ಷಿತ ಪ್ರಾಣಿ, ಹಾಗಾಗಿ ಆಡಿನ ಚರ್ಮ ಬಂದಿದೆ. ಜೊತೆಗೆ ಕಾಂಸಾಳೆಂ, ಅಂದರೆ ಕಂಚಿನ ತಾಳ.

ದೋಣಿ ಮೆರವಣಿಗೆ ಎಲ್ಲಿ ನಡೆಯುತ್ತದೆ?

ಬಾರ್ದೇಶ್ ತಾಲೂಕಿನ ಸಿಯೋಲಿಮ್‌ನಲ್ಲಿ. ಊರಿನವರ ಬಾಯಲ್ಲಿ ಅದು ಶಿವೋಲಿ. ಶಾಪೊರಾ, ಅಂಜುಣ, ಅಸಗಾಂವ್ ಕಡೆಯ ವಾಡೊಗಳಿಂದ ಅಲಂಕರಿಸಿದ ದೋಣಿಗಳು ಹಳ್ಳದ ನೀರಿನಲ್ಲಿ ಬರುತ್ತವೆ. ದೋಣಿಯ ಮೇಲೆ ಹಾಡು, ಘುಮಟ್, ಕೊಪೆಲ್ ತೊಟ್ಟ ಜನ. ಸಂತ ಯೊವಾನ್ನರ ಪುಟ್ಟ ಪ್ರಾರ್ಥನಾಲಯದ ಬಳಿ ಸೇರುತ್ತಾರೆ. ಈಗ ವೇದಿಕೆ, ಮೈಕು, ಬಹುಮಾನ ಎಲ್ಲ ಬಂದಿವೆ, ಜನಜಂಗುಳಿ ಜಾಸ್ತಿ. ದೋಣಿ ಬರುವುದನ್ನು ನೋಡಬೇಕಾದರೆ ಮಧ್ಯಾಹ್ನವೇ ಹೋಗಿ ದಡದಲ್ಲಿ ಜಾಗ ಹಿಡಿಯಿರಿ. ಕೊಡೆ ಬೇಡ, ಹಿಂದಿನವರಿಗೆ ಕಾಣುವುದಿಲ್ಲ. ರೇನ್‌ಕೋಟ್ ಒಳ್ಳೆಯದು.

ಜೂನ್‌ನಲ್ಲಿ ಬೇರೆ ಸಂತರ ಹಬ್ಬವೂ ಇದೆಯಂತೆ?

ಮೂರು ಹಬ್ಬ. ಜೂನ್ 13 ಸಂತ ಅಂತೋನಿ, 24 ಯೊವಾನ್ನರು, 29 ಪೇತ್ರ ಮತ್ತು ಪೌಲರು. ಪೋರ್ಚುಗಲ್‌ನಲ್ಲೂ ಇವರನ್ನು ಒಟ್ಟಾಗಿ ಜನಪ್ರಿಯ ಸಂತರು ಅಂತ ಕರೆಯುತ್ತಾರೆ.

ಅಂತೋನಿ ಅಂದರೆ ಕಳೆದುಹೋದ ವಸ್ತು ಹುಡುಕಿಕೊಡುವವರು. ಸಿಯೋಲಿಮ್‌ನ ದೊಡ್ಡ ಚರ್ಚ್ ಅವರದೇ. ಅಲ್ಲಿನ ಮೂರ್ತಿಯ ಕೈಯಲ್ಲಿ ಹಗ್ಗಕ್ಕೆ ಕಟ್ಟಿದ ಹಾವು ಕಾಣುತ್ತದೆ. ಚರ್ಚ್ ಕಟ್ಟುವಾಗ ತೊಂದರೆ ಕೊಟ್ಟ ಹಾವನ್ನು ಸಂತರು ಹಿಡಿದರು ಅಂತ ಊರಿನ ಐತಿಹ್ಯ.

29ರದ್ದು ಮೀನುಗಾರರ ಹಬ್ಬ, ಯಾಕಂದರೆ ಪೇತ್ರರೇ ಮೀನುಗಾರರು. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಪುಟ್ಟ ಚರ್ಚಿನಂತೆ ಅಲಂಕಾರ ಮಾಡುತ್ತಾರೆ. ಅದೇ ಸಾಂಗೊಡ್. ಅದರ ಮೇಲೇ ಹಾಡು, ನಾಟಕ, ಕುಣಿತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಗೋವಾದಲ್ಲೂ ಕರ್ನಾಟಕದಲ್ಲೂ ನಿಷೇಧ. ಬಲೆ ಒಣಗಿಸಿ, ದೋಣಿ ದಡಕ್ಕೆಳೆದು ಕೂತವರಿಗೆ ಸಿಗುವ ಬಿಡುವಿನ ಹಬ್ಬ ಇದು. ಸಾಂಜಾಂವ್‌ನಷ್ಟು ಹೊರಗಿನವರು ಇಲ್ಲಿಗೆ ಬರುವುದಿಲ್ಲ. ಒಂದೇ ಹಬ್ಬ ನೋಡಲು ರಜೆ ಇದ್ದರೆ ನಾನು ಸಾಂಗೊಡ್ ನೋಡಿ ಅಂತಲೇ ಹೇಳುತ್ತೇನೆ.

ಪೋರ್ಚುಗಲ್‌ನಲ್ಲಿ ಹೇಗೆ ಆಚರಿಸುತ್ತಾರೆ?

ಊರಿಗೊಬ್ಬ ಸಂತರು. ಲಿಸ್ಬನ್‌ಗೆ ಅಂತೋನಿ, ಯಾಕಂದರೆ ಅವರು ಅಲ್ಲೇ ಹುಟ್ಟಿದವರು. ತೀರಿಕೊಂಡದ್ದು 1231ರ ಜೂನ್ 13ರಂದು, ಇಟಲಿಯ ಪಾದುವಾದ ಬಳಿ. 12ರ ರಾತ್ರಿ ಲಿಸ್ಬನ್‌ನ ಕೇರಿಕೇರಿಯ ತಂಡಗಳು ದೊಡ್ಡ ರಸ್ತೆಯಲ್ಲಿ ಮೆರವಣಿಗೆ ಮಾಡುತ್ತವೆ. 1932ರಿಂದ ಇದು ನಡೆದು ಬಂದಿದೆ. ಅಂತೋನಿ ಮದುವೆ ಕೂಡಿಸುವ ಸಂತರೂ ಹೌದು. 12ರಂದೇ ಲಿಸ್ಬನ್‌ನಲ್ಲಿ ಸಾಮೂಹಿಕ ಮದುವೆ ಮಾಡಿಸುತ್ತಾರೆ, ನಮ್ಮ ಮಠಗಳಲ್ಲಿ ಮಾಡಿಸುವ ಹಾಗೆ.

ಪೋರ್ತೊ ನಗರಕ್ಕೆ ಯೊವಾನ್ನರು. 23ರ ರಾತ್ರಿ ಇಡೀ ಊರು ಬೀದಿಯಲ್ಲಿ. ಕೆಂಡದ ಮೇಲೆ ಸುಟ್ಟ ಸಾರ್ಡೀನ್, ಅಂದರೆ ನಮ್ಮ ಬೂತಾಯಿ ಜಾತಿಯ ಮೀನು. ಪರಿಚಯವೇ ಇಲ್ಲದವರ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುವುದು ಅಲ್ಲಿನ ರೂಢಿ. ಅದು 1960ರ ದಶಕದಲ್ಲಿ ಬಂದದ್ದು. ಅದಕ್ಕೂ ಹಿಂದೆ ಉದ್ದ ಕಾಂಡದ ಬೆಳ್ಳುಳ್ಳಿ ಹೂವಿನಿಂದ ಮುಟ್ಟುತ್ತಿದ್ದರು. ಈಗಲೂ ಹಳಬರು ಅದನ್ನೇ ಹಿಡಿದು ಬರುತ್ತಾರೆ. ನಡುರಾತ್ರಿ ದೌರು ನದಿಯ ಸೇತುವೆ ಮೇಲೆ ಬಾಣಬಿರುಸು.

ನನಗೆ ತುಂಬಾ ಹಿಡಿಸುವುದು ಅವರ ಮಂಜೆರಿಕು. ಪುಟ್ಟ ಕುಂಡದಲ್ಲಿ ದುಂಡಗೆ ಬೆಳೆಸಿದ ಗಿಡ, ನಮ್ಮ ಕಾಮಕಸ್ತೂರಿಯ ಹತ್ತಿರದ ನೆಂಟ, ತುಳಸಿಯ ಕುಲದ್ದೇ. ಅದರಲ್ಲಿ ಕಾಗದದ ಹೂವು ಮತ್ತು ನಾಲ್ಕು ಸಾಲಿನ ಪದ್ಯ ಸಿಕ್ಕಿಸಿ ಪ್ರೀತಿಸಿದವರಿಗೆ ಕೊಡುತ್ತಾರೆ. ಮೂಗನ್ನು ಗಿಡಕ್ಕೆ ಹಚ್ಚಿ ಮೂಸುವ ಹಾಗಿಲ್ಲ, ಬಾಡಿಹೋಗುತ್ತದೆ ಅಂತ ನಂಬಿಕೆ. ಅಂಗೈಯಿಂದ ಸವರಿ, ಆ ಕೈ ಮೂಸಬೇಕು. ದೇವರಿಗಿಡುವ ಹೂವನ್ನು ಮೂಸಬೇಡ ಅಂತ ನಮ್ಮಮ್ಮ ಬೈಯುತ್ತಿದ್ದದ್ದು ನೆನಪಾಗುತ್ತದೆ.

ಮಂಗಳೂರಿನ ಕೊಂಕಣಿ ಕಥೋಲಿಕರೂ ಬಾವಿಗೆ ಹಾರುತ್ತಾರಾ?

ಅಂಥ ದೊಡ್ಡ ರೂಢಿ ಇಲ್ಲ. ಅವರ ಪೂರ್ವಿಕರು ಗೋವಾದಿಂದಲೇ ಬಂದವರು ನಿಜ. ಆದರೆ ಕರಾವಳಿ ಕರ್ನಾಟಕದಲ್ಲಿ ಅವರ ಮನೆಹಬ್ಬವಾಗಿ ಬೆಳೆದದ್ದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಅದೂ ಹುಟ್ಟುಹಬ್ಬವೇ, ಮರಿಯಮ್ಮನದು.

ನಾವು ಕ್ರೈಸ್ತರಲ್ಲ. ಹೋಗಬಹುದಾ?

ಧಾರಾಳವಾಗಿ. ಹಿಂದೂ ನೆರೆಹೊರೆಯವರೂ ಸೇರುತ್ತಾರೆ. ಆದರೆ ಇದು ಮನೆಗಳ ಹಬ್ಬ ಅನ್ನುವುದು ನೆನಪಿರಲಿ. ಬಾವಿ ಯಾರದೋ ಹಿತ್ತಲಲ್ಲಿರುತ್ತದೆ. ಅಂಗಳದಲ್ಲಿ ಹೊಸ ಮದುಮಗಳು, ಬಾಣಂತಿ, ವಯಸ್ಸಾದವರು ಇರುತ್ತಾರೆ. ಗೇಟಿನ ಬಳಿ ನಿಂತು ಕೇಳಿ ಒಳಗೆ ಹೋಗಿ. ಒದ್ದೆ ಬಟ್ಟೆಯಲ್ಲಿರುವ ಹೆಣ್ಣುಮಕ್ಕಳ ಕಡೆ ಫೋನ್ ಹಿಡಿಯಬೇಡಿ. ಹೋಗುವಾಗ ಒಂದು ಡಜನ್ ಬಾಳೆಹಣ್ಣೋ ಒಂದು ಹಲಸೋ ಒಯ್ದರೆ ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ರೆಸಾರ್ಟುಗಳಲ್ಲಿ ಟಿಕೆಟ್ ಇಟ್ಟು ಈಜುಕೊಳದ ಪಾರ್ಟಿ ಮಾಡುತ್ತಾರೆ. ಡಿಜೆ ಇರುತ್ತದೆ, ಕೊಪೆಲ್ ಕೂಡ ಕೊಡುತ್ತಾರೆ. ಬೇಕಾದವರು ಹೋಗಲಿ. ಆದರೆ ಅಲ್ಲಿ ಅಳಿಯ ಇಲ್ಲ, ಅತ್ತೆ ಇಲ್ಲ, ಕೂಸು ಹುಟ್ಟಿದ ಮನೆ ಇಲ್ಲ. ಅದನ್ನು ನೋಡಿ ಸಾಂಜಾಂವ್ ನೋಡಿದೆ ಅಂದುಕೊಂಡರೆ ನನಗೆ ಬೇಸರವಾಗುತ್ತದೆ.

ನಾನೂ ಬಾವಿಗೆ ಹಾರಬಹುದಾ?

ಈಜು ಬಂದರೆ, ಮನೆಯವರು ಒಪ್ಪಿದರೆ, ಕುಡಿದಿಲ್ಲದಿದ್ದರೆ. ಮೂರೂ ಬೇಕು. ಮುರಕಲ್ಲಿನ ಬಾವಿಕಟ್ಟೆ ಮಳೆಯಲ್ಲಿ ಪಾಚಿ ಹಿಡಿದಿರುತ್ತದೆ. ನಾನು ಹಾರುವ ಮೊದಲೇ ಜಾರಿ, ಮೊಣಕೈ ತರಚಿಕೊಂಡು ನೀರಿಗೆ ಬಿದ್ದಿದ್ದೆ. ಕಲ್ಲಿಗೆ ತಲೆ ತಾಗಿದ್ದರೆ ಕಥೆ ಬೇರೆ ಇತ್ತು. ಯಾವಾಗಲೂ ಕಾಲು ಕೆಳಗೆ ಮಾಡಿ ಹಾರಿ, ತಲೆ ಮುಂದಾಗಿ ಅಲ್ಲ. ಒಳಗಿದ್ದವರು ಪಕ್ಕಕ್ಕೆ ಸರಿದದ್ದು ನೋಡಿ ಹಾರಿ. ಹತ್ತಿ ಬರಲು ಮೆಟ್ಟಿಲೋ ಹಗ್ಗವೋ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕತ್ತಲಾದ ಮೇಲೆ ಬೇಡವೇ ಬೇಡ. ಸಮುದ್ರದ ಕಡೆಯಂತೂ ಹೋಗಬೇಡಿ, ಜೂನ್ ತಿಂಗಳ ಅಲೆ ಯಾರನ್ನೂ ಬಿಡುವುದಿಲ್ಲ.

ಊಟಕ್ಕೆ ಏನು ವಿಶೇಷ?

ಹಂದಿ ಮಾಂಸದ ಸೊರ್ಪತೆಲ್ ಮತ್ತು ಸಾನ್ನಾಂ. ಸಾನ್ನಾಂ ಅಂದರೆ ಕಳ್ಳಿನಲ್ಲಿ ಹುದುಗಿಸಿದ ಮೆತ್ತನೆ ಇಡ್ಲಿ. ಮಾಂಸ ತಿನ್ನದವರು ಪಾತೊಳ್ಯೊ ಕೇಳಿ. ಅರಿಶಿನ ಎಲೆಗೆ ಅಕ್ಕಿಹಿಟ್ಟು ಬಳಿದು, ಕಾಯಿ ಬೆಲ್ಲದ ಹೂರಣ ಇಟ್ಟು, ಮಡಚಿ, ಹಬೆಯಲ್ಲಿ ಬೇಯಿಸಿದ್ದು. ನಮ್ಮ ಕರಾವಳಿಯ ಮನೆಗಳಲ್ಲಿ ನಾಗರಪಂಚಮಿಗೆ ಮಾಡುವ ಅರಿಶಿನ ಎಲೆ ಕಡುಬು ಇದೇ. ಎಲೆ ಬಿಚ್ಚಿದಾಗ ಬರುವ ಆ ಘಮ ಎರಡೂ ಕಡೆ ಒಂದೇ.

ಹೋಗುವುದು ಹೇಗೆ?

ಕಾರವಾರ, ಮಂಗಳೂರು ಕಡೆಯಿಂದ ಕೊಂಕಣ ರೈಲಿನಲ್ಲಿ ಥಿವಿಂ ಸ್ಟೇಷನ್‌ಗೆ ಹೋಗಿ. ಅಲ್ಲಿಂದ ಮಾಪ್ಸಾ ಹತ್ತಿರ. ಮಾಪ್ಸಾದಿಂದ ಸಿಯೋಲಿಮ್ ಏಳೆಂಟು ಕಿಲೋಮೀಟರ್, ಬಸ್ಸು ಸಿಗುತ್ತದೆ. ಬೆಳಗಾವಿಯವರು ಚೋರ್ಲಾ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸಬೇಡಿ, ಮಂಜು ದಟ್ಟ.

ಜೂನ್ 24ಕ್ಕೆ ರಜೆ ಸಿಗಲಿಲ್ಲ. ಆಮೇಲೆ ಏನಾದರೂ ಇದೆಯಾ?

ಇದೆ. ಜುಲೈ ಕೊನೆಗೆ ತಾಳಾವ್ಲಿಯ ಸಾಂತಾನ ಚರ್ಚ್‌ನಲ್ಲಿ ಮರಿಯಮ್ಮನ ತಾಯಿ ಅನ್ನಮ್ಮನ ಹಬ್ಬ. ಅದಕ್ಕೆ ಸೌತೆಕಾಯಿ ಹಬ್ಬ ಅಂತಲೇ ಹೆಸರು. ಮಕ್ಕಳಿಲ್ಲದ ದಂಪತಿ ಸೌತೆಕಾಯಿ ತಂದು ಅನ್ನಮ್ಮನ ಮುಂದಿಟ್ಟು ಕೂಸು ಬೇಡುತ್ತಾರೆ. ಸೌತೆಕಾಯಿಗೆ ಪೋರ್ಚುಗೀಸಿನಲ್ಲಿ ಪೆಪಿನು, ಕೂಸಿಗೆ ಮೆನಿನು. ಪೆಪಿನು ತಗೋ, ಮೆನಿನು ಕೊಡು ಅಂತ ಪ್ರಾಸ ಕೂಡಿಸಿ ಬೇಡಿಕೊಳ್ಳುವ ರೂಢಿ. ಚರ್ಚಿನ ಹೊರಗೆ ಮಳೆಗಾಲದ ಎಳೆ ಸೌತೆಕಾಯಿಗಳ ರಾಶಿ ಹಾಕಿಕೊಂಡು ಹೆಂಗಸರು ಕೂತಿರುತ್ತಾರೆ. ಹರಕೆ ಇಲ್ಲದವರೂ ಒಂದೆರಡು ಕೊಂಡು ಉಪ್ಪು ಖಾರ ಹಚ್ಚಿ ಅಲ್ಲೇ ನಿಂತು ತಿನ್ನುತ್ತಾರೆ.